ಪದವಿ ವಿದ್ಯಾರ್ಥಿಗಳ ಸಂಶೋಧನಾನುಭವ: ಅವಕಾಶ, ವೆಚ್ಚ ಮತ್ತು ಉದ್ಯಮಿಗಳ ಪಾತ್ರ

ಭಟ್ಕಳದ ಅಂಜುಮನ್, ಹೊನ್ನಾವರದ ಎಸ್.ಡಿ.ಎಂ. ಹಾಗೂ ಕುಮಟಾದ ಡಾ. ಎ. ವಿ. ಬಾಳಿಗಾ ಮಹಾವಿದ್ಯಾಲಯಗಳಲ್ಲಿ ವ್ಯಾಪಾರಸ್ಥ ಕುಟುಂಬಗಳ ಮಕ್ಕಳೂ ವಿಜ್ಞಾನ ವ್ಯಾಸಂಗ ಮಾಡುತ್ತಿದ್ದಾರೆ. ಆದರೆ ಪಠ್ಯಕ್ರಮದ ಪ್ರಯೋಗಕ್ಕೂ ಸಂಶೋಧನೆಗೂ ಅಂತರವಿದೆ. ಮೊದಲನೆಯದರಲ್ಲಿ ಉತ್ತರ ಮುಂಚೆಯೇ ತಿಳಿದಿರುತ್ತದೆ. ಎರಡನೆಯದರಲ್ಲಿ ವಿದ್ಯಾರ್ಥಿಯೇ ಅದನ್ನು ಅರಸಬೇಕಾಗುತ್ತದೆ. ಉನ್ನತ ವ್ಯಾಸಂಗದ ಆಯ್ಕೆಯಲ್ಲಿ ಈ ಅನುಭವಕ್ಕೆ ವಿಶೇಷ ಮನ್ನಣೆಯಿದೆ. ರಾಜ್ಯದಲ್ಲಿ 2021–22ರಲ್ಲಿ ಜಾರಿಗೆ ಬಂದ ನಾಲ್ಕು ವರ್ಷಗಳ ಆನರ್ಸ್ ಪದವಿಯನ್ನು 2024ರಲ್ಲಿ ಕೈಬಿಟ್ಟು ಮೂರು ವರ್ಷಗಳ ಪದವಿಗೆ ಮರಳಲಾಯಿತು. ಆದುದರಿಂದ ಬೇಸಿಗೆ ರಜೆಯ ಮಹತ್ವ ಇನ್ನಷ್ಟು ಹೆಚ್ಚಿದೆ.

ವಿದೇಶಗಳಲ್ಲಿ

ಅಮೆರಿಕದ ಎಂ.ಐ.ಟಿ. ಸಂಸ್ಥೆಯು 1969ರಲ್ಲಿಯೇ ಪದವಿ ವಿದ್ಯಾರ್ಥಿಗಳನ್ನು ಪ್ರಾಧ್ಯಾಪಕರ ಸಂಶೋಧನೆಯಲ್ಲಿ ತೊಡಗಿಸುವ ಯೋಜನೆಯನ್ನು ಆರಂಭಿಸಿತು. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಬೇಸಿಗೆ ಯೋಜನೆಯ ನೆರವು ಮುಖ್ಯವಾಗಿ ಆ ದೇಶದ ನಾಗರಿಕರಿಗೆ ಮತ್ತು ಖಾಯಂ ನಿವಾಸಿಗಳಿಗೆ ಮೀಸಲು. ಭಾರತೀಯ ವಿದ್ಯಾರ್ಥಿಗಳಿಗೆ ಜರ್ಮನಿಯ ಡಾಡ್ ಸಂಸ್ಥೆಯ ‘ವೈಸ್’ ಹಾಗೂ ಕೆನಡಾದ ‘ಮೈಟ್ಯಾಕ್ಸ್ ಗ್ಲೋಬಲಿಂಕ್’ ಯೋಜನೆಗಳು ಪರಿಚಿತ. ಇವುಗಳ ಅರ್ಹತಾ ನಿಯಮಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲಿಯೇ ಪರಿಶೀಲಿಸುವುದು ಕ್ಷೇಮ.

ಸ್ವದೇಶದಲ್ಲಿ

ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಸಾಮಾನ್ಯ ಕಾಲೇಜುಗಳ ವಿದ್ಯಾರ್ಥಿಗಳಿಗೂ ಮುಕ್ತವಾಗಿದೆ. ಆಯ್ಕೆಯಾದವರು ಸುಮಾರು ಎರಡು ತಿಂಗಳು ವಿಜ್ಞಾನಿಯೊಬ್ಬರ ಮಾರ್ಗದರ್ಶನದಲ್ಲಿ ಕೆಲಸ ಮಾಡುತ್ತಾರೆ, ವೃತ್ತಿವೇತನವೂ ದೊರೆಯುತ್ತದೆ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಇಂತಹ ಫೆಲೋಶಿಪ್ ನೀಡುತ್ತದೆ. 1999ರಲ್ಲಿ ಪ್ರಾರಂಭವಾದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯು 2022ರಲ್ಲಿ ‘ಇನ್‌ಸ್ಪೈರ್’ ಯೋಜನೆಯಲ್ಲಿ ವಿಲೀನವಾಯಿತು. ಇನ್‌ಸ್ಪೈರ್ ವಿದ್ಯಾರ್ಥಿವೇತನದ ವಾರ್ಷಿಕ ₹80,000ದಲ್ಲಿ ₹20,000 ಬೇಸಿಗೆ ಸಂಶೋಧನೆಗಾಗಿಯೇ ಇದೆ.

ಮನೆಯಂಗಳದಲ್ಲಿ

ಸಂಶೋಧನೆಗೆ ದೂರ ಹೋಗಲೇಬೇಕೆಂದಿಲ್ಲ. ಕುಮಟಾದ ಬಾಳಿಗಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಬೋಧಿಸಿದ ಎಂ. ಡಿ. ಸುಭಾಷ್ ಚಂದ್ರನ್ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದೊಡನೆ ಈ ಜಿಲ್ಲೆಯ ದೇವರ ಕಾಡುಗಳನ್ನೂ ಅಘನಾಶಿನಿ ಅಳಿವೆಯನ್ನೂ ಅಧ್ಯಯನ ಮಾಡಿದರು. ಆ ಅಳಿವೆಯು 2024ರಲ್ಲಿ ರಾಮ್ಸರ್ ತಾಣವಾಯಿತು. ಅಲ್ಲಿನ ಬೆಳಚು, ಗಜನಿ ಭೂಮಿಯ ಕಗ್ಗ ಭತ್ತ, ಭಟ್ಕಳ ತಾಲೂಕಿನ ನೇತ್ರಾಣಿ ದ್ವೀಪದ ಹವಳಗಳು ವಿದ್ಯಾರ್ಥಿಗೆ ವಿಷಯಗಳಾದರೆ, ಮತ್ಸ್ಯ, ಕೃಷಿ ಹಾಗೂ ಪ್ರವಾಸೋದ್ಯಮದವರಿಗೆ ಬಂಡವಾಳವೇ ಆಗಿವೆ. ಬೆಳಚಿನ ಸಂಗ್ರಹ ಎಷ್ಟಿದ್ದರೆ ಸಂತತಿ ಉಳಿದೀತೆಂಬ ಪ್ರಶ್ನೆಗೆ ನಂಬಲರ್ಹ ಅಂಕಿ ಅಂಶ ದೊರೆತರೆ ಲಾಭ ಇಬ್ಬರಿಗೂ ಉಂಟು.

ಹಣಕಾಸಿನ ಲೆಕ್ಕ

ಅನೇಕ ಸಂದರ್ಭಗಳಲ್ಲಿ ವಿದ್ಯಾರ್ಥಿಯನ್ನು ತಡೆಯುವುದು ಒಟ್ಟು ವೆಚ್ಚವಲ್ಲ, ಆರಂಭದ ವೆಚ್ಚ. ವೃತ್ತಿವೇತನ ಕೈಸೇರುವ ಮೊದಲೇ ಪ್ರಯಾಣ, ವಸತಿ, ಊಟಕ್ಕೆ ಹಣ ಬೇಕು; ವಿದೇಶವಾದರೆ ಪಾಸ್‌ಪೋರ್ಟ್, ವೀಸಾ ಮತ್ತು ವಿಮೆಯೂ ಸೇರುತ್ತವೆ. ಶಿಕ್ಷಣದ ವೆಚ್ಚ ಭರಿಸಲು ನೀಡುವ ವಿದ್ಯಾರ್ಥಿವೇತನಕ್ಕೆ ಆದಾಯ ತೆರಿಗೆಯ ವಿನಾಯಿತಿಯಿದೆ. ಆದರೆ ನೌಕರಿಯ ಪ್ರತಿಫಲವಾಗಿ ಬಂದ ಹಣಕ್ಕೆ ಅದು ಅನ್ವಯಿಸದು. ಆದುದರಿಂದ ಆಯ್ಕೆ ಪತ್ರದ ಒಕ್ಕಣೆಯನ್ನು ಗಮನಿಸಿ ಜೋಪಾನವಾಗಿಡಬೇಕು. ಉದಾರೀಕೃತ ಹಣ ರವಾನೆ ಯೋಜನೆಯಡಿ ಶಿಕ್ಷಣಕ್ಕಾಗಿ ವಿದೇಶಕ್ಕೆ ಕಳುಹಿಸುವ ಹಣಕ್ಕೆ, 2025ರ ಏಪ್ರಿಲ್ 1ರಿಂದ, ವರ್ಷಕ್ಕೆ ₹10 ಲಕ್ಷದವರೆಗೆ ಮೂಲದಲ್ಲಿ ತೆರಿಗೆ ಸಂಗ್ರಹವಿಲ್ಲ.

ಉದ್ಯಮಿಗಳು ಮಾಡಬಹುದಾದುದು

ವಾಣಿಜ್ಯೋದ್ಯಮ ಸಂಸ್ಥೆಗಳು ಕಾಲೇಜುಗಳೊಡನೆ ಸೇರಿ ಸಣ್ಣದೊಂದು ಆವರ್ತ ನಿಧಿ ಸ್ಥಾಪಿಸಬಹುದು. ಆಯ್ಕೆಯಾದ ವಿದ್ಯಾರ್ಥಿಗೆ ಬಡ್ಡಿರಹಿತ ಮುಂಗಡ ನೀಡಿ, ವೃತ್ತಿವೇತನ ಬಂದಾಗ ಮರಳಿ ಪಡೆದರೆ, ಅದೇ ಮೊತ್ತ ಮರುವರ್ಷ ಇನ್ನೊಬ್ಬರಿಗೆ ಒದಗುತ್ತದೆ. ಲೆಕ್ಕಪತ್ರಗಳನ್ನು ಪ್ರತ್ಯೇಕವಾಗಿಟ್ಟು ಪ್ರತಿವರ್ಷ ಪರಿಶೋಧನೆಗೆ ಒಳಪಡಿಸಬೇಕು.

ಅಕಾಡೆಮಿಗಳ ಫೆಲೋಶಿಪ್‌ಗೆ ಅರ್ಜಿ ಸಲ್ಲಿಸುವ ಅವಧಿ ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ ಮುಗಿಯುತ್ತದೆ. ಅಧ್ಯಾಪಕರ ಶಿಫಾರಸು ಮತ್ತು ಕಿರು ಬರಹಕ್ಕೆ ಸಮಯ ಬೇಕಾಗುವುದರಿಂದ, ಪಾಲಕರು ದಸರೆಯ ಹೊತ್ತಿಗೇ ಮಕ್ಕಳೊಡನೆ ಈ ವಿಷಯ ಚರ್ಚಿಸುವುದು ಉಚಿತ. ಬೇಸಿಗೆಯಲ್ಲಿ ಎಚ್ಚೆತ್ತವರಿಗೆ ಆ ವರ್ಷದ ಅವಕಾಶ ಕೈತಪ್ಪಿರುತ್ತದೆ.