ಚಕ್ರಮುನಿ ರಸ ಕುಡಿದವರ ಉಸಿರು

ನಮ್ಮ ಹಿತ್ತಲ ಬೇಲಿಯಲ್ಲಿ ಚಕ್ರಮುನಿ ಇದೆ. ಕಡ್ಡಿ ನೆಟ್ಟರೆ ಸಾಕು, ಚಿಗುರಿಕೊಳ್ಳುತ್ತದೆ. ಎಳೆ ಎಲೆ ಜಗಿದರೆ ಹಸಿ ಬಟಾಣಿಯ ರುಚಿ. ವಿಟಮಿನ್ ಸೊಪ್ಪು ಎಂದೇ ಎಲ್ಲರ ಬಾಯಲ್ಲಿ ಅದಕ್ಕೆ ಹೆಸರು. ಮಲಯ ಭಾಷೆಯಲ್ಲಿ ಚೆಕುರ್ ಮಾನಿಸ್. ಮಾನಿಸ್ ಎಂದರೆ ಸಿಹಿ. ಮಲೇಷ್ಯಾದ ಅಡುಗೆಮನೆಗಳಲ್ಲಿ ತಲೆಮಾರುಗಳಿಂದ ಬೇಯುತ್ತಿರುವ ಈ ಸೊಪ್ಪು ಶ್ವಾಸಕೋಶ ಕೆಡಿಸಿತು ಎಂದು ಮೊದಲ ಸಲ ಓದಿದಾಗ ನನಗೆ ನಂಬಲಾಗಲಿಲ್ಲ.

ಅದು ನಡೆದದ್ದು ತೈವಾನಿನಲ್ಲಿ. 1994ರ ಹೊತ್ತಿಗೆ ಅಲ್ಲಿ ಈ ಸೊಪ್ಪು ಮೈ ಇಳಿಸುತ್ತದೆ ಎಂಬ ಮಾತು ಹಬ್ಬಿತು. ಹಸಿ ಎಲೆಯನ್ನು ಸೀಬೆಯ ಅಥವಾ ಅನಾನಸಿನ ರಸದೊಂದಿಗೆ ರುಬ್ಬಿ ದಿನಾ ಕುಡಿದರು. ಒಂದು ದಿನಕ್ಕೆ ನೂರೈವತ್ತು ಗ್ರಾಂನಷ್ಟು ಹಸಿ ಎಲೆ, ವಾರಗಟ್ಟಲೆ. ಪಲ್ಯಕ್ಕೆ ಯಾರೂ ಅಷ್ಟು ಹಾಕುವುದಿಲ್ಲ.

ಮೊದಮೊದಲು ನಿದ್ದೆ ಕೆಟ್ಟಿತು, ಹಸಿವು ಹೋಯಿತು. ಆಮೇಲೆ ಏದುಸಿರು. ದಕ್ಷಿಣದ ಕಾವೊಸಿಯುಂಗ್ ನಗರದ ವೈದ್ಯರ ಮುಂದೆ ಇಂಥವರು ಒಬ್ಬರ ಹಿಂದೊಬ್ಬರು ಬಂದು ಕೂತರು. ಎಲ್ಲರೂ ಹೆಂಗಸರು, ಸಿಗರೇಟು ಸೇದದವರು. ಎದೆಯ ಎಕ್ಸ್‌ರೇ ನೋಡಿದರೆ ಹೇಳುವಂಥ ದೋಷವಿಲ್ಲ. ಆದರೆ ಕೊಳವೆಗೆ ಊದಿಸಿ ಅಳೆದರೆ ಗಾಳಿ ಹೊರಬರಲು ತಿಣುಕುತ್ತಿತ್ತು. ಆಸ್ತಮಾದ ಉಸಿರುಕಟ್ಟಾದರೆ ಔಷಧಿಗೆ ಸಡಿಲವಾಗಬೇಕು, ಇದು ಸಡಿಲವಾಗಲಿಲ್ಲ. ಸಿಟಿ ಸ್ಕ್ಯಾನಿನಲ್ಲಿ ಶ್ವಾಸಕೋಶ ತೇಪೆ ಹಚ್ಚಿದ ಹಾಗೆ ಕಂಡಿತು, ಒಂದು ಕಡೆ ಕಪ್ಪು, ಮಗ್ಗುಲಲ್ಲೇ ಬಿಳುಪು. ಕಪ್ಪಗಿದ್ದಲ್ಲಿ ಒಳಹೋದ ಗಾಳಿ ಹೊರಬರದೆ ಸಿಕ್ಕಿಬಿದ್ದಿತ್ತು. ಕೆಲವರ ಶ್ವಾಸಕೋಶದಿಂದ ಚೂರು ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟಾಗ ಉತ್ತರ ಸಿಕ್ಕಿತು. ಕೂದಲಿನಂಥ ಕಿರು ಶ್ವಾಸನಾಳಗಳ ಗೋಡೆಯಲ್ಲಿ ಗಾಯದ ನಾರು ಬೆಳೆದು ದಾರಿಯೇ ಮುಚ್ಚಿತ್ತು.

ವಿಷಾನಿಲ ಉಸಿರಾಡಿದವರಲ್ಲಿ, ಅಂಗಾಂಗ ಕಸಿಯಾದವರಲ್ಲಿ ಕಾಣುವ ಅಪರೂಪದ ರೋಗವದು. ಒಂದೇ ಊರಿನ ಸುತ್ತ ಇಷ್ಟು ಜನರಿಗೆ ಹೇಗೆ? ಇವರನ್ನೆಲ್ಲ ಕಟ್ಟಿದ ದಾರ ಆ ಹಸಿರು ರಸವೊಂದೇ. 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ 23 ರೋಗಿಗಳ ವರದಿ ಬಂತು. ಒಟ್ಟು ರೋಗಿಗಳು ಇದಕ್ಕಿಂತ ಎಷ್ಟೋ ಹೆಚ್ಚು. ರಸ ನಿಲ್ಲಿಸಿದರೂ ಮುಚ್ಚಿದ ನಾಳ ತೆರೆಯಲಿಲ್ಲ, ಸ್ಟೀರಾಯ್ಡ್ ನಡೆಯಲಿಲ್ಲ. ಕೆಲವರಿಗೆ ಶ್ವಾಸಕೋಶ ಕಸಿಯೇ ಗತಿಯಾಯಿತು, ಕೆಲವರು ಉಳಿಯಲಿಲ್ಲ. ಈ ಮಾತು ಬರೆಯುವಾಗ ನನ್ನ ಕೈ ಈಗಲೂ ಭಾರವಾಗುತ್ತದೆ. ಅವರು ಮಾಡಿದ್ದು ಆರೋಗ್ಯದ ಆಸೆಯಿಂದ.

ಎಲೆಯಲ್ಲಿರುವ ಪಪಾವರಿನ್ ಎಂಬ ಸಸ್ಯಕ್ಷಾರದ (ಆಲ್ಕಲಾಯ್ಡ್) ಮೇಲೆ ಅನುಮಾನ ಬಿತ್ತು, ಆದರೆ ಅದೇ ಅಪರಾಧಿ ಎಂದು ಸಾಬೀತಾಗಿಲ್ಲ. ಮುಂದೆ ಜಪಾನಿನಲ್ಲೂ ಈ ಸೊಪ್ಪಿನ ಪುಡಿ, ಮಾತ್ರೆ ತಿಂದವರಿಗೆ ಇದೇ ಆಯಿತು; 2003ರಲ್ಲಿ ಅಲ್ಲಿನ ಸರ್ಕಾರ ಅವುಗಳ ಮಾರಾಟ ನಿಲ್ಲಿಸಿತು.

ನಮ್ಮಲ್ಲಿ ಎಂದಾದರೊಮ್ಮೆ ಒಂದು ಹಿಡಿ ಚಕ್ರಮುನಿಯನ್ನು ತುಪ್ಪದಲ್ಲಿ ಬಾಡಿಸಿ ತಂಬುಳಿ ಮಾಡುತ್ತೇವೆ. ಮೊನ್ನೆ ಪಕ್ಕದ ಮನೆಯವರು ಜ್ಯೂಸಿಗೆಂದು ಒಂದು ಕಟ್ಟು ಕೇಳಿದರು. "ಪಲ್ಯಕ್ಕಾದರೆ ಈಗಲೇ ಕೊಯ್ದು ಕೊಡುತ್ತೇನೆ ಅಕ್ಕಾ, ಹಸಿ ರಸಕ್ಕೆ ಮಾತ್ರ ಬೇಡ" ಅಂದೆ. ಜಗಲಿಯಲ್ಲಿ ಕೂರಿಸಿಕೊಂಡು ಈ ಕತೆಯನ್ನೆಲ್ಲ ಹೇಳಿದೆ.