ಎಸೆದ ಚೆಂಡಿಗಿಂತ ಚಾಚಿದ ಕೈ ದೊಡ್ಡದು

ಕಲಬುರಗಿಯಲ್ಲಿ ಮಾರ್ಚ್ ತಿಂಗಳು ಕಾಲಿಟ್ಟಿತೆಂದರೆ ಹಗಲಿನಲ್ಲಿ ಬಯಲಿಗಿಳಿದು ಆಡುವ ಧೈರ್ಯ ಯಾರಿಗೂ ಇರುವುದಿಲ್ಲ. ಹೊತ್ತು ಇಳಿದು, ನೆಲದ ಕಾವು ಆರಿದ ಮೇಲೆಯೇ ನಮ್ಮ ಕಾಲೇಜು ಹುಡುಗರು ಚೆಂಡನ್ನು ಕೈಗೆತ್ತಿಕೊಳ್ಳುತ್ತಾರೆ. ಮೋಮಿನಪುರದ ಓಣಿಯಿಂದ ಬಂದವನು, ಬ್ರಹ್ಮಪುರದಿಂದ ಬಂದವನು, ಭಾನುವಾರ ನಮ್ಮ ದೇವಾಲಯದ ಗಾನವೃಂದದಲ್ಲಿ ಹಾಡುವವನು, ಎಲ್ಲರೂ ಅಲ್ಲಿ ಒಂದೇ ತಂಡ. ಬೆವರಿಗೆ ಕುಲವಿಲ್ಲ. ಆದರೆ ಆಟ ಮುಗಿಸಿ ಮನೆಗೆ ಬಂದ ಮಗನನ್ನು ಹೆತ್ತವರಾದ ನಾವು ಕೇಳುವ ಮೊದಲ ಪ್ರಶ್ನೆ ಯಾವುದು? ಗೆದ್ದೆಯೋ ಸೋತೆಯೋ ಎಂಬುದಲ್ಲ, “ಯಾರ ಕೂಡ ಆಡ್ಲಾಕ ಹೋಗಿದ್ದೆಪ್ಪಾ?” ಎಂಬುದೇ.

ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಒಂದು ಕಾಲೇಜು ತಂಡದ ಒಂದು ವರ್ಷದ ಆಟವನ್ನು ಓದುಗರ ಮುಂದಿಡಲು ಬಯಸುತ್ತೇವೆ. ಅದು ದೂರದ ಅಮೆರಿಕದ ಕಥೆ, 1963ರ ಕಥೆ. ಆದರೂ ಅದು ನಮ್ಮ ಊರಿನ ಅಂಗಳದ್ದೇ ಎನ್ನಿಸಿದರೆ ಆಶ್ಚರ್ಯವಿಲ್ಲ.

ಬುಟ್ಟಿಯಿಂದ ಹುಟ್ಟಿದ ಆಟ

ಬಾಸ್ಕೆಟ್‌ಬಾಲ್ ಹುಟ್ಟಿದ್ದು 1891ರ ಡಿಸೆಂಬರ್‌ನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ. ದೇವಶಾಸ್ತ್ರವನ್ನು ಓದಿದ್ದ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು, ಚಳಿಗಾಲದಲ್ಲಿ ಹೊರಗೆ ಆಡಲಾಗದ ಯುವಕರಿಗಾಗಿ ಎರಡು ಹಣ್ಣಿನ ಬುಟ್ಟಿಗಳನ್ನು ಎತ್ತರಕ್ಕೆ ಕಟ್ಟಿಸಿ, ಹದಿಮೂರು ನಿಯಮಗಳನ್ನು ಬರೆದರು. ಮೈಮೇಲೆ ಬಿದ್ದು ಕೆಡವುವಂತಿಲ್ಲ, ಚೆಂಡನ್ನು ಹಿಡಿದು ಓಡುವಂತಿಲ್ಲ. ಬಲಕ್ಕಿಂತ ಸಂಗಡಿಗನ ಮೇಲಿನ ನಂಬಿಕೆಯೇ ಮುಖ್ಯವಾದ ಆಟವದು. ವೈ.ಎಂ.ಸಿ.ಎ. ಮೂಲಕವೇ ಅದು ನಮ್ಮ ದೇಶಕ್ಕೂ ಬಂದಿತು. 1920ರಲ್ಲಿ ಹ್ಯಾರಿ ಬಕ್ ಅವರು ಮದರಾಸಿನಲ್ಲಿ ಆರಂಭಿಸಿದ ದೈಹಿಕ ಶಿಕ್ಷಣ ಸಂಸ್ಥೆಯಿಂದ ದಕ್ಷಿಣದ ಶಾಲೆ ಕಾಲೇಜುಗಳಿಗೆ ಹಬ್ಬಿತು.

ಲೊಯೋಲಾದ ಐವರು

ಸಂತ ಇಗ್ನೇಷಿಯಸ್ ಲೊಯೋಲಾ ಅವರ ಹೆಸರನ್ನು ಹೊತ್ತ ವಿದ್ಯಾಸಂಸ್ಥೆಗಳು ನಮ್ಮವರಿಗೆ ಹೊಸತಲ್ಲ. ಷಿಕಾಗೋ ನಗರದ ಲೊಯೋಲಾ ವಿಶ್ವವಿದ್ಯಾನಿಲಯವೂ ಯೇಸುಸಭೆಯ ಗುರುಗಳು 1870ರಲ್ಲಿ ಸ್ಥಾಪಿಸಿದ ಸಂಸ್ಥೆಯೇ. 1962-63ರಲ್ಲಿ ಅದರ ಪುರುಷರ ಬಾಸ್ಕೆಟ್‌ಬಾಲ್ ತಂಡಕ್ಕೆ ಜಾರ್ಜ್ ಐರ್ಲೆಂಡ್ ಎಂಬುವರು ತರಬೇತುದಾರರಾಗಿದ್ದರು. ಕಣಕ್ಕಿಳಿಯುತ್ತಿದ್ದ ಐವರಲ್ಲಿ ನಾಯಕ ಜೆರಿ ಹಾರ್ಕ್‌ನೆಸ್, ಲೆಸ್ ಹಂಟರ್, ವಿಕ್ ರೌಸ್, ರಾನ್ ಮಿಲ್ಲರ್ ಈ ನಾಲ್ವರು ಕಪ್ಪು ಜನಾಂಗದವರು. ಐದನೆಯವನಾದ ಜಾನ್ ಈಗನ್ ಬಿಳಿಯ.

ಇದರಲ್ಲೇನು ವಿಶೇಷ ಎಂದು ಇಂದಿನ ಹುಡುಗರು ಕೇಳಬಹುದು. ಅಂದು ಕಪ್ಪು ಆಟಗಾರರನ್ನು ಇಬ್ಬರು ಮೂವರಿಗಿಂತ ಹೆಚ್ಚಾಗಿ ಒಮ್ಮೆಗೇ ಇಳಿಸಬಾರದೆಂಬ ಅಲಿಖಿತ ಒಪ್ಪಂದವೊಂದು ತರಬೇತುದಾರರ ನಡುವೆ ಇತ್ತು. ಐರ್ಲೆಂಡ್ ಅದನ್ನು ಮೀರಿದರು. ದಕ್ಷಿಣದ ಊರುಗಳಿಗೆ ಆಡಲು ಹೋದಾಗ ಒಂದೇ ತಂಡದವರು ಒಂದೇ ಸೂರಿನಡಿ ಮಲಗುವಂತಿರಲಿಲ್ಲ. ಪ್ರೇಕ್ಷಕರ ಬೈಗುಳಗಳನ್ನು ಕೇಳಿಸಿಕೊಂಡೇ ಹುಡುಗರು ಆಡಬೇಕಾಗಿತ್ತು. ಬೆದರಿಕೆಯ ಪತ್ರಗಳು ನಾಯಕನ ಕೈಸೇರುತ್ತಿದ್ದವು. ಇಷ್ಟಾದರೂ ತಂಡ ಗೆಲ್ಲುತ್ತಲೇ ಹೋಯಿತು. ರಾಷ್ಟ್ರೀಯ ಕಾಲೇಜು ಪಂದ್ಯಾವಳಿಯ ಮೊದಲ ಸುತ್ತಿನಲ್ಲಿ ಟೆನೆಸ್ಸಿ ಟೆಕ್ ತಂಡವನ್ನು 111-42 ಅಂಕಗಳಿಂದ ಸೋಲಿಸಿತು.

ರಾತ್ರೋರಾತ್ರಿ ಸಾಗಿದ ಹಂಚಿಕೆ

ಮುಂದಿನ ಎದುರಾಳಿ ಮಿಸಿಸಿಪ್ಪಿ ಸ್ಟೇಟ್, ಬಿಳಿಯರೇ ಓದುತ್ತಿದ್ದ ಕಾಲೇಜು. ಮಿಸಿಸಿಪ್ಪಿ ರಾಜ್ಯದ ಕಾಲೇಜುಗಳು ಕಪ್ಪು ಆಟಗಾರರಿರುವ ತಂಡದೊಡನೆ ಆಡಬಾರದೆಂಬ ಕಟ್ಟುಪಾಡು ಅಲ್ಲಿತ್ತು. ಅದಕ್ಕೆ ತಲೆಬಾಗಿ ಈ ತಂಡ 1959, 1961 ಮತ್ತು 1962ರಲ್ಲಿ ತನ್ನ ವಲಯದಲ್ಲಿ ಅಗ್ರಸ್ಥಾನ ಪಡೆದೂ ರಾಷ್ಟ್ರೀಯ ಪಂದ್ಯಾವಳಿಯಿಂದ ಹೊರಗುಳಿದಿತ್ತು. ಅದೇ ರಾಜ್ಯದ ಇನ್ನೊಂದು ವಿಶ್ವವಿದ್ಯಾನಿಲಯಕ್ಕೆ 1962ರಲ್ಲಿ ಜೇಮ್ಸ್ ಮೆರೆಡಿತ್ ಎಂಬ ಕಪ್ಪು ವಿದ್ಯಾರ್ಥಿ ಸೇರಿದಾಗ ಗಲಭೆಯೆದ್ದು ಇಬ್ಬರು ಪ್ರಾಣ ಕಳೆದುಕೊಂಡಿದ್ದರು. ಇಂಥ ಹೊತ್ತಿನಲ್ಲಿ ಕಾಲೇಜಿನ ಅಧ್ಯಕ್ಷರಾದ ಡೀನ್ ಕೋಲ್ವರ್ಡ್ ತಂಡವನ್ನು ಕಳುಹಿಸಲು ತೀರ್ಮಾನಿಸಿದರು. ರಾಜ್ಯಪಾಲರು ವಿರೋಧಿಸಿದರು, ತಂಡ ರಾಜ್ಯದ ಗಡಿ ದಾಟದಂತೆ ನ್ಯಾಯಾಲಯದಿಂದ ತಡೆಯಾಜ್ಞೆಯೂ ಹೊರಟಿತು.

ಆಜ್ಞೆ ಕೈಸೇರುವ ಮೊದಲೇ ಹೊರಡಬೇಕೆಂದು ಹಂಚಿಕೆ ನಡೆಯಿತು. ತರಬೇತುದಾರ ಬೇಬ್ ಮೆಕಾರ್ಥಿ ಮುಂಚಿತವಾಗಿಯೇ ನೆರೆರಾಜ್ಯ ಸೇರಿಕೊಂಡರು. ದಾರಿ ನಿರಾತಂಕವಾಗಿದೆಯೇ ಎಂದು ತಿಳಿಯಲು ಮೊದಲು ಬದಲಿ ಆಟಗಾರರನ್ನಷ್ಟೇ ವಿಮಾನ ನಿಲ್ದಾಣಕ್ಕೆ ಕಳುಹಿಸಲಾಯಿತು. ತಡೆಯುವವರು ಯಾರೂ ಕಾಣದಿದ್ದಾಗ ಉಳಿದವರೂ ಬಂದು ವಿಮಾನ ಹತ್ತಿದರು. ಆಡುವುದಕ್ಕಾಗಿ ಹುಡುಗರು ತಮ್ಮ ಊರಿನಿಂದಲೇ ಹೀಗೆ ತಪ್ಪಿಸಿಕೊಂಡು ಹೋಗಬೇಕಾಯಿತೆಂಬುದನ್ನು ನಾವು ಗಮನಿಸಬೇಕು. ಭೇದದ ಗೋಡೆ ಹೊರಗಿನವನನ್ನು ಮಾತ್ರ ತಡೆಯುವುದಿಲ್ಲ. ಅದನ್ನು ಕಟ್ಟಿದವರ ಮಕ್ಕಳನ್ನೂ ಒಳಗೇ ಕೂಡಿಹಾಕುತ್ತದೆ.

1963ರ ಮಾರ್ಚ್ 15, ತಪಸ್ಸುಕಾಲದ ಒಂದು ಶುಕ್ರವಾರ. ಮಿಷಿಗನ್ ರಾಜ್ಯದ ಈಸ್ಟ್ ಲ್ಯಾನ್ಸಿಂಗ್ ನಗರದಲ್ಲಿ ಆಟಕ್ಕೆ ಮೊದಲು ಇಬ್ಬರು ನಾಯಕರು ಅಂಕಣದ ನಡುವೆ ಬಂದು ನಿಂತರು. ಹಾರ್ಕ್‌ನೆಸ್ ಮತ್ತು ಮಿಸಿಸಿಪ್ಪಿಯ ಜೋ ಡಾನ್ ಗೋಲ್ಡ್ ಪರಸ್ಪರ ಕೈಕುಲುಕಿದರು. ಛಾಯಾಗ್ರಾಹಕರ ದೀಪಗಳು ಒಮ್ಮೆಲೇ ಮಿಂಚಿದವು. ಆಟ ಆರಂಭವಾಗುತ್ತಲೇ ಮಿಸಿಸಿಪ್ಪಿಯವರು 7-0 ಅಂಕಗಳಿಂದ ಮುಂದೆ ಹೋದರೂ, ಕೊನೆಗೆ ಲೊಯೋಲಾ 61-51ರಿಂದ ಜಯಗಳಿಸಿತು. ಹೊಡೆದಾಟವಿಲ್ಲ, ಬೈಗುಳವಿಲ್ಲ. ಸೋತವರು ಊರಿಗೆ ಮರಳಿದರು. ಅವರು ಮರಳಿದ ಮೇಲೆ ಆಕಾಶವೇನೂ ಕಳಚಿ ಬೀಳಲಿಲ್ಲ.

ಕೊನೆಯ ಕ್ಷಣದ ಜಯ

ಬಳಿಕ ಇಲಿನಾಯ್, ಡ್ಯೂಕ್ ತಂಡಗಳನ್ನು ಸೋಲಿಸಿದ ಲೊಯೋಲಾ, ಮಾರ್ಚ್ 23ರಂದು ಲೂಯಿವಿಲ್ ನಗರದಲ್ಲಿ ಅಂತಿಮ ಪಂದ್ಯಕ್ಕೆ ನಿಂತಿತು. ಎದುರಿಗಿದ್ದುದು ಹಿಂದಿನ ಎರಡು ವರ್ಷಗಳ ವಿಜೇತ ಸಿನ್ಸಿನಾಟಿ. ಉತ್ತರಾರ್ಧದಲ್ಲಿ ಲೊಯೋಲಾ 15 ಅಂಕಗಳಷ್ಟು ಹಿಂದೆ ಬಿದ್ದಿತು. ಇನ್ನೇನು ಮುಗಿಯಿತೆನ್ನುವಾಗ ಹಾರ್ಕ್‌ನೆಸ್ ಹಾಕಿದ ಚೆಂಡು ಅಂಕಗಳನ್ನು 54-54ಕ್ಕೆ ಸಮಮಾಡಿತು. ಹೆಚ್ಚುವರಿ ಅವಧಿಯ ಕೊನೆಯ ಕ್ಷಣದಲ್ಲಿ ಹಂಟರ್ ಎಸೆದ ಚೆಂಡು ಬಳೆಗೆ ತಗುಲಿ ಹೊರಚಿಮ್ಮಿದಾಗ, ರೌಸ್ ಮೇಲೆ ಹಾರಿ ಅದನ್ನು ಒಳಗೆ ಹಾಕಿದ. 60-58! ಆ 45 ನಿಮಿಷಗಳಲ್ಲಿ ಲೊಯೋಲಾ ಒಬ್ಬ ಬದಲಿ ಆಟಗಾರನನ್ನೂ ಇಳಿಸಿರಲಿಲ್ಲ. ಮೊದಲು ಇಳಿದ ಐವರೇ ಕೊನೆಯವರೆಗೂ ಆಡಿದ್ದರು. ಆ ವರ್ಷ ತಂಡ ಆಡಿದ 31 ಪಂದ್ಯಗಳಲ್ಲಿ 29ನ್ನು ಗೆದ್ದಿತ್ತು.

ಇದಾದ ಮೂರು ವಾರಗಳೊಳಗೆ, ಏಪ್ರಿಲ್ 11ರ ಪವಿತ್ರ ಗುರುವಾರದಂದು, ಪೋಪ್ 23ನೇ ಜಾನ್ ಅವರು ‘ಭೂಲೋಕದಲ್ಲಿ ಶಾಂತಿ’ ಎಂಬ ವಿಶ್ವಪತ್ರವನ್ನು ಹೊರಡಿಸಿ, ಸಕಲ ಮಾನವರೂ ಘನತೆಯಲ್ಲಿ ಸಮಾನರು, ಜನಾಂಗಭೇದಕ್ಕೆ ಇನ್ನು ಸಮರ್ಥನೆಯಿಲ್ಲ ಎಂದು ಸಾರಿದರು. ಪೋಪರು ಬರೆದುದಕ್ಕೂ ಹುಡುಗರು ಆಡಿದುದಕ್ಕೂ ನೇರ ಸಂಬಂಧವಿಲ್ಲ. ಆದರೆ ಸತ್ಯವು ಒಮ್ಮೊಮ್ಮೆ ಧರ್ಮಪೀಠದಿಂದಲೂ ಆಟದ ಅಂಗಳದಿಂದಲೂ ಒಂದೇ ಕಾಲಕ್ಕೆ ಮಾತನಾಡುತ್ತದೆ.

ಉಳಿದ ನೆನಪು

ಗೋಲ್ಡ್ 2011ರಲ್ಲಿ ತೀರಿಕೊಂಡಾಗ ಹಾರ್ಕ್‌ನೆಸ್ ಅವರು ಅಂತ್ಯಕ್ರಿಯೆಗೆ ಹೋದರು. ಶವಪೆಟ್ಟಿಗೆಯ ಬಳಿ ಅವರಿಬ್ಬರೂ ಕೈಕುಲುಕಿದ ಆ ಚಿತ್ರವನ್ನು ಇರಿಸಲಾಗಿತ್ತು. ಸೋತ ಪಂದ್ಯದ ನೆನಪನ್ನು ಆ ಮನೆಯವರು ಗೌರವದ ಗುರುತಾಗಿ ಕಾಪಾಡಿಕೊಂಡಿದ್ದರು! 2013ರಲ್ಲಿ, ಐವತ್ತನೆಯ ವರ್ಷದಲ್ಲಿ, ಅಧ್ಯಕ್ಷ ಒಬಾಮಾ ಅವರು ಅಂದಿನ ಲೊಯೋಲಾ ಆಟಗಾರರನ್ನು ಶ್ವೇತಭವನದಲ್ಲಿ ಬರಮಾಡಿಕೊಂಡರು. ಹಾರ್ಕ್‌ನೆಸ್ ಅವರೂ 2021ರಲ್ಲಿ ನಮ್ಮನ್ನಗಲಿದರು. 2018ರಲ್ಲಿ ಅದೇ ಲೊಯೋಲಾ ತಂಡ ಮತ್ತೆ ಕೊನೆಯ ನಾಲ್ಕರ ಘಟ್ಟ ತಲುಪಿದಾಗ, 98 ವರ್ಷದ ಧರ್ಮಭಗಿನಿ ಜೀನ್ ತಂಡದ ಆಧ್ಯಾತ್ಮಿಕ ಮಾರ್ಗದರ್ಶಿಯಾಗಿ ಗಾಲಿಕುರ್ಚಿಯಲ್ಲಿ ಕುಳಿತು ಹುಡುಗರೊಡನೆ ಪ್ರಾರ್ಥಿಸುತ್ತಿದ್ದುದನ್ನು ಜಗತ್ತೇ ಕಂಡಿತು. ಅವರು 2025ರ ಅಕ್ಟೋಬರ್‌ನಲ್ಲಿ, 106ನೆಯ ವಯಸ್ಸಿನಲ್ಲಿ ಪ್ರಭುವಿನ ಸನ್ನಿಧಿ ಸೇರಿದರು.

ನಮ್ಮ ಅಂಗಳ

ಮಿಸಿಸಿಪ್ಪಿಯವರನ್ನು ಟೀಕಿಸುವುದು ಸುಲಭ. ಆದರೆ ಹರಳಯ್ಯ ಮಧುವರಸರು ಕುಲದ ಕಟ್ಟನ್ನು ಮೀರಿ ಬೀಗರಾದುದಕ್ಕೆ ಪ್ರಾಣವನ್ನೇ ತೆತ್ತ ಕಲ್ಯಾಣದ ನೆಲ ನಮ್ಮದು. ಒಂದೇ ಬಲಿಪೀಠದಿಂದ ಪರಮಪ್ರಸಾದ ಸ್ವೀಕರಿಸುವ ನಾವೂ ಮದುವೆಯ ಮಾತು ಬಂದಾಗ ಕುಲವನ್ನು ಕೆದಕುತ್ತೇವೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರು 2016ರಲ್ಲಿ ದಲಿತರ ಸಬಲೀಕರಣದ ನೀತಿಯನ್ನು ಪ್ರಕಟಿಸಿ, ಜಾತಿಭೇದವು ಘೋರವಾದ ಸಾಮಾಜಿಕ ಪಾಪವೆಂದು ಒಪ್ಪಿಕೊಂಡಿದ್ದಾರೆ. ಪಾಪವೆಂದು ಒಪ್ಪಿದ ಮೇಲೆ ಪ್ರಾಯಶ್ಚಿತ್ತವೂ ಆಗಬೇಕಲ್ಲವೇ?

ತಪಸ್ಸುಕಾಲದಲ್ಲಿ ನಾವು ಮಾಂಸವನ್ನು ಬಿಡುತ್ತೇವೆ, ಒಂದು ಹೊತ್ತಿನ ಊಟವನ್ನು ಬಿಡುತ್ತೇವೆ. ಈ ಬಾರಿ ಒಂದು ಪ್ರಶ್ನೆಯನ್ನೂ ಬಿಡೋಣ. ಸಂಜೆ ಮಗ ಬೆವರೊರೆಸಿಕೊಳ್ಳುತ್ತ ಮನೆಗೆ ಬಂದಾಗ, ಯಾರ ಕೂಡ ಆಡಿದೆ ಎಂದು ವಿಚಾರಿಸದೆ, ಜೊತೆಗೆ ಆಡಿದವರನ್ನೂ ಕರೆದು ತಾ ಎನ್ನೋಣ. ಮೋಮಿನಪುರದ ಹುಡುಗನಿಗೂ ನಮ್ಮ ಮನೆಯ ತಂಬಿಗೆಯ ನೀರು ಸಿಗಲಿ. ರಂಜಾನ್ ಮಾಸವಾಗಿದ್ದರೆ ಉಪವಾಸ ಬಿಡುವ ಹೊತ್ತಿನವರೆಗೆ ಆ ನೀರು ಅವನಿಗಾಗಿ ಕಾದಿರಲಿ.