ಅಂಟು ಬಿಟ್ಟ ಮ್ಯಾಟು, ಮೊಂಡಾದ ಬ್ಲೇಡು

ಕಾಗದ ಕತ್ತರಿಸುವ ಕಟಿಂಗ್ ಮಷೀನಿನ ಅಂಟು ಮ್ಯಾಟು ಸವೆದಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ‘ಲಕ್ಷ್ಮೀ’ ಎಂದು ಕತ್ತರಿಸಿ ನೋಡಿದರೆ ಸಾಕು. ಇಂಗ್ಲಿಷಿನ ದಪ್ಪ ಅಕ್ಷರಗಳು ಹಳೆಯ ಮ್ಯಾಟಿನ ಮೇಲೂ ಹೇಗೋ ಪಾರಾಗುತ್ತವೆ. ನಮ್ಮ ಒತ್ತಕ್ಷರಗಳು ಹಾಗಲ್ಲ. ಕೆಳಗೆ ಜೋತುಬಿದ್ದ ಮಕಾರದ ಒತ್ತಿನ ಸುತ್ತ ಬ್ಲೇಡು ತಿರುಗುವಾಗ ಮ್ಯಾಟು ಕಾಗದವನ್ನು ಅಡಿಯಿಂದ ಬಿಗಿಯಾಗಿ ಹಿಡಿದಿರಬೇಕು. ಹಿಡಿತ ಚೂರು ಸಡಿಲಾದರೂ ಒತ್ತು ಮೇಲೆದ್ದು ಬ್ಲೇಡಿಗೆ ಸಿಕ್ಕಿ ಚಿಂದಿಯಾಗುತ್ತದೆ.

ನಾನು ತುಮಕೂರಿನ ಮನೆಯಲ್ಲೇ ಕೇಕ್ ಟಾಪರ್, ನಾಮಕರಣದ ಹೆಸರಿನ ಬೋರ್ಡು, ವರಮಹಾಲಕ್ಷ್ಮಿ ಹಬ್ಬದ ಅಲಂಕಾರ ಮಾಡಿಕೊಡುತ್ತೇನೆ. ಈ ಕೆಲಸಕ್ಕಿಳಿಯುವ ಹೆಣ್ಣುಮಕ್ಕಳು ಮಷೀನಿಗೆಂದು ದುಡ್ಡು ಕೂಡಿಡುತ್ತಾರೆ. ಆಮೇಲೆ ಮೇಲಿಂದ ಮೇಲೆ ಕೊಳ್ಳಬೇಕಾದ ಮ್ಯಾಟು, ಬ್ಲೇಡುಗಳ ಖರ್ಚಿಗೆ ಸುಸ್ತಾಗುತ್ತಾರೆ. ಈ ಮಷೀನುಗಳನ್ನು ಮಾಡುವ ಕ್ರಿಕಟ್, ಸಿಲೂಯೆಟ್ ಎರಡೂ ಅಮೆರಿಕದ ಯೂಟಾ ರಾಜ್ಯದ ಕಂಪನಿಗಳು. ಅವುಗಳ ಸಾಮಾನು ಇಲ್ಲಿಗೆ ಬರುವಷ್ಟರಲ್ಲಿ ಬೆಲೆ ಏರಿರುತ್ತದೆ. ಆದರೆ ‘ಹಾಳಾಯಿತು’ ಎಂದು ನನ್ನ ಹತ್ತಿರ ತರುವ ಮ್ಯಾಟುಗಳಲ್ಲಿ ಹೆಚ್ಚಿನವು ಸವೆದಿರುವುದೇ ಇಲ್ಲ, ಕೊಳೆಯಾಗಿರುತ್ತವೆ ಅಷ್ಟೇ.

ಮ್ಯಾಟಿನ ಅಂಟಿನ ಗುಣ ತಿಳಿದರೆ ಇದು ಅರ್ಥವಾಗುತ್ತದೆ. ಫೆವಿಕಾಲ್ ನೀರಾರಿದ ಮೇಲೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಮ್ಯಾಟಿನ ಅಂಟು ಒಣಗುವ ಜಾತಿಯದಲ್ಲ. ಒತ್ತಿದರೆ ಹಿಡಿಯುತ್ತದೆ, ಎಳೆದರೆ ಬಿಡುತ್ತದೆ. ಅದರ ಮೇಲೆ ಕಾಗದದ ನಾರು, ಗ್ಲಿಟರ್ ಪುಡಿ, ಮನೆಯ ಧೂಳು, ತಲೆಗೂದಲು ಕೂತಾಗ ಹೊಸ ಕಾಗದಕ್ಕೆ ಅಂಟು ತಾಗುವುದೇ ಇಲ್ಲ. ಕೊಳೆ ತೆಗೆದರೆ ಅಂಟು ಅಡಿಯಲ್ಲೇ ಇರುತ್ತದೆ.

ಹಾಗಾಗಿ ಮೊದಲು ತೊಳೆಯಬೇಕು. ಹಳೆಯ ಎಟಿಎಂ ಕಾರ್ಡನ್ನು ಓರೆಯಾಗಿ ಹಿಡಿದು ಕಾಗದದ ಚೂರುಗಳನ್ನೆಲ್ಲ ಕೆರೆದು ತೆಗೆಯಿರಿ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ, ಮೆತ್ತನೆಯ ಬ್ರಷ್ಷಿನಿಂದ ಸುತ್ತುಸುತ್ತಾಗಿ ಉಜ್ಜಿ. ತೊಳೆದ ಮ್ಯಾಟನ್ನು ಬಟ್ಟೆಯಿಂದ ಒರೆಸಬೇಡಿ, ಬಟ್ಟೆಯ ನಾರು ಅಂಟಿಗೆ ಹತ್ತುತ್ತದೆ. ಬಿಸಿಲಿಗೂ ಇಡದೆ ನೆರಳಲ್ಲಿ ನಿಲ್ಲಿಸಿ. ನೀರಾರುತ್ತಿದ್ದಂತೆ ಬೆರಳಿಗೆ ಜಿಗುಟು ಮರಳಿ ಸಿಗುತ್ತದೆ. ಕ್ರಿಕಟ್‌ನ ನೀಲಿ, ಹಸಿರು, ನೇರಳೆ ಮ್ಯಾಟುಗಳನ್ನು ಹೀಗೆ ತೊಳೆಯಬಹುದು. ಬಟ್ಟೆ ಕತ್ತರಿಸುವ ಗುಲಾಬಿ ಮ್ಯಾಟಿಗೆ ಸೋಪು, ಕೆರೆಯುವ ಕಾರ್ಡು ಎರಡೂ ಬೇಡ.

ಎಷ್ಟು ತೊಳೆದರೂ ಜಿಗುಟು ಬಾರದಿದ್ದರೆ ಹೊಸ ಅಂಟು ಹಾಕಬೇಕು. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಹಳೆಯದನ್ನು ಒರೆಸಿ ತೆಗೆಯಿರಿ. ನಂತರ ಮ್ಯಾಟಿನ ನಾಲ್ಕೂ ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಇದನ್ನು ಯಾರೂ ಬಿಡಬಾರದು. ಮಷೀನಿನ ರೋಲರುಗಳು ಮ್ಯಾಟಿನ ಅಂಚನ್ನೇ ಹಿಡಿದು ಓಡಿಸುತ್ತವೆ, ಅಲ್ಲಿ ಅಂಟು ಬಿದ್ದರೆ ರೋಲರಿಗೇ ಕುತ್ತು.

ಅಂಟು ಕೊಳ್ಳುವಾಗ ‘ಕಿತ್ತು ಮತ್ತೆ ಅಂಟಿಸುವಂಥದ್ದು’ ಎಂದು ಕೇಳಿ. ತ್ರೀಎಂ ಕಂಪನಿಯ ಸ್ಪ್ರೇ ಮೌಂಟ್ ಅಂಥದ್ದು. ಅದೇ ಕಂಪನಿಯ ಸೂಪರ್ 77 ಶಾಶ್ವತವಾಗಿ ಕಚ್ಚುವುದರಿಂದ ಮ್ಯಾಟಿಗೆ ಆಗದು. ಸ್ಪ್ರೇಗೆ ಬೆಂಕಿ ಹತ್ತಬಹುದು. ಒಲೆಯಿಂದ, ದೇವರ ದೀಪದಿಂದ ದೂರ, ಕಿಟಕಿ ತೆರೆದು ತೆಳ್ಳಗೆ ಒಂದೇ ಪದರ ಹಾಕಿ. ಸ್ಪ್ರೇಯ ದುಡ್ಡೂ ಭಾರವೆನಿಸಿದರೆ ಮಕ್ಕಳ ಗ್ಲೂ ಸ್ಟಿಕ್ಕೇ ಸಾಕು. ಅದನ್ನು ತೆಳ್ಳಗೆ ಬಳಿದು, ಹಸಿಯಾರಿ ಜಿಗುಟು ಉಳಿದಾಗ ಕಾಗದ ಇಡಬೇಕು. ಕೆಲವೇ ಹಾಳೆಗಳಿಗೆ ಬರುತ್ತದೆ, ಆದರೆ ನೀರಲ್ಲಿ ತೊಳೆದು ಮತ್ತೆ ಬಳಿಯಬಹುದು. ಹೊಸ ಅಂಟು ಅತಿಯಾಗಿ ಹಿಡಿಯುತ್ತಿದ್ದರೆ ಹತ್ತಿ ಬಟ್ಟೆಯನ್ನು ಒಂದೆರಡು ಸಲ ಒತ್ತಿ ಎತ್ತಿ, ಬಿರುಸು ಇಳಿಯುತ್ತದೆ. ಕತ್ತರಿಸಿದ ಮೇಲೆ ಕಾಗದವನ್ನು ಎಳೆಯಬೇಡಿ. ಮ್ಯಾಟನ್ನು ಮಗುಚಿ, ಕಾಗದದಿಂದ ಮ್ಯಾಟನ್ನೇ ಬಾಗಿಸಿ ಬಿಡಿಸಿ. ಕಾಗದ ಸುರುಳಿಯಾಗುವುದಿಲ್ಲ, ಮ್ಯಾಟಿನ ಮೇಲೆ ನಾರೂ ಕಮ್ಮಿ ಉಳಿಯುತ್ತದೆ.

ಬ್ಲೇಡಿನ ಕಥೆಯೂ ಹೆಚ್ಚುಕಡಿಮೆ ಇದೇ. ಈ ಬ್ಲೇಡಿನ ಮೊನೆ ನಟ್ಟನಡುವೆ ಇರುವುದಿಲ್ಲ, ಕೂದಲೆಳೆಯಷ್ಟು ಪಕ್ಕಕ್ಕಿರುತ್ತದೆ. ಹಾಗಿರುವುದರಿಂದಲೇ ಎಳೆದ ದಿಕ್ಕಿಗೆ ಅದು ತಾನಾಗಿ ತಿರುಗಿಕೊಳ್ಳುತ್ತದೆ. ಬ್ಲೇಡು ಕೂರುವ ಹೋಲ್ಡರಿನೊಳಗೆ ಒಂದೆಳೆ ನಾರು ಸಿಕ್ಕಿಕೊಂಡರೂ ತಿರುಗುವುದು ನಿಂತು, ಮೂಲೆಗಳಲ್ಲಿ ಕಾಗದ ಹರಿಯುತ್ತದೆ. ಎಲ್ಲರೂ ಆಗ ‘ಬ್ಲೇಡು ಮೊಂಡಾಯಿತು’ ಎನ್ನುತ್ತಾರೆ. ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲನ್ನು ಉಂಡೆ ಮಾಡಿ, ಮೊನೆ ಹೊರಬರುವಂತೆ ಹೋಲ್ಡರಿನ ಗುಂಡಿ ಒತ್ತಿ ಹಿಡಿದು ಹಲವು ಸಲ ಚುಚ್ಚಿ ತೆಗೆಯಿರಿ. ಅಂಟು, ನಾರು ಫಾಯಿಲಿನಲ್ಲೇ ಉಳಿಯುತ್ತವೆ. ಇದು ಸಾಣೆ ಹಿಡಿದಂತಲ್ಲ, ಶುಚಿ ಮಾಡಿದಂತೆ. ಆದರೂ ಬಹಳಷ್ಟು ಸಲ ಅಷ್ಟೇ ಬೇಕಾಗಿರುತ್ತದೆ.

ಮೊನೆ ಮುರಿದಿದ್ದರೆ ಮಾತ್ರ ಯಾವ ಉಪಾಯವೂ ನಡೆಯದು. ಬ್ಲೇಡಿನ ಕಾರ್ಬೈಡ್ ಗಡುಸಾದರೂ ಪೆಡಸು, ನೆಲಕ್ಕೆ ಬಿದ್ದರೆ ಚಕ್ಕೆ ಏಳುತ್ತದೆ. ಹೊಸದನ್ನು ಆರ್ಡರ್ ಮಾಡುವ ಮೊದಲು ನಂಬರ್ ಪ್ಲೇಟಿಗೆ ರೇಡಿಯಂ ಕಟಿಂಗ್ ಮಾಡುವ ಅಂಗಡಿಯಲ್ಲಿ ವಿಚಾರಿಸಿ. ಅವರ ಪ್ಲಾಟರಿಗೂ ಇದೇ ತತ್ವದ ಬ್ಲೇಡು. ಕಾಗದ, ವಿನೈಲಿಗೆ 45 ಡಿಗ್ರಿಯದು, ದಪ್ಪ ಹಾಳೆಗೆ 60 ಡಿಗ್ರಿಯದು. ಎಲ್ಲ ಮಷೀನಿಗೂ ಅದು ಹೊಂದುವುದಿಲ್ಲ. ಹೋಲ್ಡರನ್ನು ಜೊತೆಗೆ ಒಯ್ದು, ಅಂಗಡಿಯಲ್ಲೇ ಕೂರಿಸಿ ನೋಡಿ ಕೊಳ್ಳಿ.